ಮಗಾ ಸೆಕೆಂಡ್ ಹ್ಯಾಂಡ್ ವಿಮಾನ ತೊಗೋತೀನಿ ಅಂದಾಗ

ಅಮೇರಿಕಾದಿಂದ ವಾಪಸ್ ಬಂದು ಮೂರು ವಾರ ಆತು. ಈ ಮೂರು ವಾರದಾಗ ಮನಿಗೆ ಬಂದವರು ಒಬ್ಬರರೆ "ಮೊಮ್ಮಗಳು ಕನ್ನಡಾ ಮಾತಾಡತಾಳೇನು" ಅಂತ ಕೇಳಿಲ್ಲ. ಎಲ್ಲಾರದೂ ಒಂದ ಪ್ರಶ್ನೆ, "ನಿಮ್ಮ ಮಗಾ ಸ್ವಂತ ವಿಮಾನ ತೊಗೊಂಡಾನಂತ, ಖರೇನ?" ಹಿಂದಿನ ಓಣಿ ಮೌಶಿ ಅಂತೂ "ಎಷ್ಟು ಮಂದಿ ಕೂಡತಾರ ಅದರಾಗ? ನಮ್ಮನ್ನ ಒಮ್ಮೆ ಕಾಶಿಗೆ ಕರಕೊಂಡು ಹೋಗಂತ ಹೇಳು" ಅಂದುಬಿಟ್ರು. ಈ ಸುದ್ದಿ ಯಾರು ಹಬ್ಬಿಸಿದ್ರೋ ಏನೋ. ನಮ್ಮನಿಯವರ ಮ್ಯಾಲೇ ನನಗ ಸಂಶೇ. ವಾಕಿಂಗಿಗೆ ಹೋದಾಗ ಇವರ ಬಾಯಿ ಸುಮ್ಮನಿರೂದಿಲ್ಲ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನಗೂ ಸಾಕಾಗೇದ, ಅದಕ್ಕ ಎಲ್ಲಾ ಇಲ್ಲೇ ಬರದು ಹಾಕತೀನಿ, ಓದಿಕೊಳ್ರಿ.

ಮೊದಲಿಗೆ ತಿಳಕೊಳ್ಳಬೇಕಾದ್ದು ಏನಂದ್ರ, ಅಲ್ಲಿ ವಿಮಾನಾ ಹಾರಸೂದು ನಮ್ಮ ಕಡೆ ತಿಳಕೊಂಡಷ್ಟು ದೊಡ್ಡಸ್ತನದ್ದಲ್ಲ. ಊರೂರಿಗೆ ಸಣ್ಣ ಸಣ್ಣ ಏರೋಡ್ರೋಮ್ ಇರತಾವ. ವಾರದ ದಿನಾ ಕಂಪ್ಯೂಟರ್ ಮುಂದ ಕೂತವರು ಶನಿವಾರ ಹೋಗಿ ಕಲೀತಾರ. ಲೈಸನ್ಸಿಗೆ ಕಮ್ಮೀತ ಕಮ್ಮಿ 40 ತಾಸು ಹಾರಿಸಿರಬೇಕಂತ ಕಾಯದೆ. ನನ್ನ ಮಗಾ 66 ತಾಸಿಗೆ ಪಾಸಾದಾ. ನಾ ಹೋದ ಏಪ್ರಿಲ್‌ದಾಗ ಅವನ ಪುಸ್ತಕದಾಗ ಎಲ್ಲಾ ಕೂಡಿ 92 ತಾಸು ಬರದಿತ್ತು. ಅಷ್ಟೂ ಸೆಸ್ನಾ 172 ಅನ್ನೂ ಬಾಡಗಿ ವಿಮಾನದಾಗ. ಮ್ಯಾಲ ರೆಕ್ಕಿ, ಮುಂದ ಪಂಖಾ, ನಾಕು ಕುರ್ಚಿ. ಸಿನೆಮಾದಾಗ ನೋಡತೀವಲ್ಲ, ಅಂಥಾದ್ದು.

92 ತಾಸಂದ್ರ ಎಷ್ಟು ಅಂತ ನಾ ನನ್ನ ಲೆಕ್ಕದಾಗ ಹಾಕಿ ನೋಡಿದೆ. ಹೊಸದಾಗಿ ಬಂದ ಸೊಸಿ ದಿನಾ ಒಂದು ತಾಸು ಒಲಿ ಮುಂದ ನಿಂತ್ರ ಮೂರು ತಿಂಗಳು. ಮೂರು ತಿಂಗಳಾಗ ಅನ್ನಾ, ಸಾರು, ಪಲ್ಯಾ ಬರತಾವ. ನಡುವ ಗ್ಯಾಸ್ ಹೋದ್ರ ಏನು ಮಾಡಬೇಕು ಅನ್ನೂದೂ ಬರತದ. ಇನ್ನೂರು ಮಂದಿ ಪಂಕ್ತಿಗೆ ಹೋಳಗಿ ಬೇಯಿಸವಾ ಅಂದ್ರ?

ಇಂವಾ ತೊಗೋತೀನಿ ಅಂತ ಹಟಾ ಹಿಡದದ್ದು ಹೋಳಗಿಯಂಥಾ ವಿಮಾನ. ಹೆಸರು ಲಾಂಗ್ ಈಝೀ. ಫೋಟೋ ತೋರಿಸಿದಾಗ ನಾ "ಇದನ್ನ ಉಲ್ಟಾ ಹಿಡದೀ ಏನೋ" ಅಂತ ಕೇಳಿದೆ. ಯಾಕಂದ್ರ ಪಂಖಾ ಹಿಂದ ಅದ, ಬಾಲದ ಸಣ್ಣ ರೆಕ್ಕಿ ಮೂಗಿನ ಹತ್ರ ಅದ, ದೊಡ್ಡ ರೆಕ್ಕಿ ಹಿಂದಕ್ಕ ಬಾಗೇದ, ಅದರ ತುದಿಗೆ ಎರಡೂ ಕಡೆ ಕಿವಿ ಎದ್ದು ನಿಂತಾವ. ಒಬ್ಬರ ಹಿಂದ ಒಬ್ಬರು, ಎರಡ ಮಂದಿ, ಅದೂ ಆರಾಮಕುರ್ಚ್ಯಾಗ ಒರಗಿದಂಗ ಕೂಡಬೇಕು. ಯಾರೂ ಕೂಡದಾಗ ಮೂಗು ನೆಲಕ್ಕ ಹಚ್ಚಿ ನಿಲ್ಲಿಸ್ತಾರ. ಇಂಜಿನ್ ಹಿಂದ ಇರೂದ್ರಿಂದ ಮುಂದ ಡ್ರೈವರನ ಭಾರ ಇಲ್ಲದಿದ್ರ ಹಿಂದಕ್ಕ ಬೀಳತದಂತ, ಅದಕ್ಕ ಮುಂದಿನ ಗಾಲಿ ಒಳಗ ಎಳಕೊಂಡು ಇಡತಾರ. ಎತ್ತು ಏಳೂವಾಗ ಹಿಂಗಾಲು ಮೊದಲು ಎತ್ತಿ ಮುಂದಿನ ಮೊಣಕಾಲು ಊರಿರತದಲ್ಲ, ಥೇಟ್ ಹಂಗ.

ಯಾಕ ಇದ ಬೇಕು ಅಂದ್ರ ರೊಕ್ಕದ್ದು ಒಂದು ಕಾರಣ. ಹೊಸಾ ಸೆಸ್ನಾ ತೊಗೋಬೇಕಂದ್ರ 4 ಲಕ್ಷ ಡಾಲರ್ ಮ್ಯಾಲ. ನಮ್ಮ ರೂಪಾಯಿದಾಗ ಎಣಿಸಲಿಕ್ಕೆ ಹೋಗಬ್ಯಾಡ್ರಿ, ರಾತ್ರಿ ನಿದ್ದಿ ಬರೂದಿಲ್ಲ. ಹಳೇ ಲಾಂಗ್ ಈಝೀ ಒಂದು ಚೊಲೋ ಕಾರಿನ ರೊಕ್ಕದಾಗ ಸಿಗತದ. ಸೆಸ್ನಾಕ್ಕಿಂತ ಜೋರು ಓಡತದ, ಎಣ್ಣಿ ಕಮ್ಮಿ ಕುಡೀತದ, ಒಮ್ಮೆ ಟಾಕಿ ತುಂಬಿಸಿದ್ರ 1,000 ಮೈಲಿ ದಾಟಿ ಹೋಗತದ. ಇಷ್ಟು ಚೊಲೋ ಇದ್ದದ್ದು ಇಷ್ಟು ಸೋವಿ ಯಾಕ? ಸೀರಿ ಅಂಗಡ್ಯಾಗ ಕೇಳೂ ಪ್ರಶ್ನೆನ ನಾ ಅವಂಗೂ ಕೇಳಿದೆ.

ಯಾಕಂದ್ರ ಇದು ಮನ್ಯಾಗ ಮಾಡಿದ ವಿಮಾನ.

ಹೌದ್ರಿ, ಮನ್ಯಾಗ. ಹಪ್ಪಳಾ ಸಂಡಗಿ ಮಾಡಿಧಂಗ ಗ್ಯಾರೇಜಿನಾಗ ಕೂತು ಮಾಡಿದ್ದು. ಅರ್ಧಕ್ಕಿಂತ ಹೆಚ್ಚು ಕೆಲಸಾ ಹವ್ಯಾಸಿಗಳ ತಮ್ಮ ಕೈಲೆ ಮಾಡಿರಬೇಕು, ಆಮ್ಯಾಲ ಸರಕಾರದವರು ಬಂದು ನೋಡಿ ಪರವಾನಗಿ ಕೊಡತಾರ. ಮೊದಲ ಇಷ್ಟು ತಾಸು ಅಂತ ಗೊತ್ತು ಮಾಡಿದ ಜಾಗಾದಾಗ ಪರೀಕ್ಷಾಕ್ಕ ಹಾರಿಸಬೇಕು. ಹತ್ತೂ ಬಾಗಲದಾಗ "ಎಕ್ಸ್‌ಪೆರಿಮೆಂಟಲ್" ಅಂತ ದೊಡ್ಡ ಅಕ್ಷರದಾಗ ಬರಸಬೇಕು. ಹಿಂದ ಕೂಡವರಿಗೆ ಕಾಣೂವಂಗ ಇನ್ನೊಂದು ಪಟ್ಟಿ ಇರತದ. ಇದು ಹವ್ಯಾಸಿಗಳು ಕಟ್ಟಿದ್ದು, ಉಳಿದ ವಿಮಾನಕ್ಕ ಇರೂ ಸರಕಾರಿ ಸುರಕ್ಷತಾ ನಿಯಮಕ್ಕ ಇದು ಹೊಂದೂದಿಲ್ಲ ಅಂತ. ಸೊಸಿ ಅದನ್ನ ಓದಿ ನನಗ ಕನ್ನಡದಾಗ ಹೇಳಿ, "ನೋಡ್ರಿ ಅತ್ಯಾ, ಅವರ ಬರದಾರ, ನಾ ಏನೂ ಸೇರಿಸಿ ಹೇಳಲಿಕ್ಹತ್ತಿಲ್ಲ" ಅಂದ್ಲು.

ಮಾಡೂ ರೀತಿ ಕೇಳಿದ್ರ ನೀವು ನಗತೀರಿ. ನಾನೂ ಮೊದಲು ನಕ್ಕೆ. ಗಣಪತಿ ಮಂಟಪಕ್ಕ ಥರ್ಮಾಕೋಲ್ ಕತ್ತರಸೂದಿಲ್ಲೇನು, ಕರೆಂಟಿನ ಬಿಸಿ ತಂತೀಲೆ? ಹಂಗ ಗಟ್ಟಿ ಫೋಮ್ ಹಲಗಿ ತಂದು, ಬಿಸಿ ತಂತೀಲೆ ರೆಕ್ಕಿ ಆಕಾರಕ್ಕ ಕೊಯ್ಯತಾರ. ಅದರ ಮ್ಯಾಲ ಗಾಜಿನ ಎಳೀಲೆ ನೇಯ್ದ ಬಟ್ಟಿ ಹಾಸಿ, ಎಪಾಕ್ಸಿ ಅನ್ನೂ ಅಂಟು ಹಚ್ಚತಾರ. ಮನ್ಯಾಗ ಅರಾಲ್ಡೈಟ್ ಇರತದಲ್ಲ, ಎರಡು ಟ್ಯೂಬಿಂದು ಕೂಡಿಸಿ ಕಲಸೂದು, ಅದ ಜಾತಿದು. ಒಂದರ ಮ್ಯಾಲ ಒಂದು ಪದರಾ, ಎಳಿ ಒಮ್ಮೆ ಹಿಂಗ, ಒಮ್ಮೆ ಓರೆ. ಒಣಗಿದ ಮ್ಯಾಲ ಫೋಮ್ ಹಗರು, ಬಟ್ಟಿ ಗಟ್ಟಿ, ಎರಡೂ ಕೂಡಿದ್ರ ಮುರೀಲಾರದ ರೆಕ್ಕಿ. ಇದಕ್ಕ ಕಾಂಪೋಸಿಟ್ ಅಂತಾರ. ಇಡೀ ವಿಮಾನ ಒಳಗ ಇಬ್ಬರು ಮಂದಿ, ಎಣ್ಣಿ ಎಲ್ಲಾ ತುಂಬಿಕೊಂಡು 600 ಕಿಲೋ. ನಮ್ಮ ಮಾರುತಿ ಕಾರು ಖಾಲಿ ಇದ್ದಾಗನೂ ಇದಕ್ಕಿಂತ ಭಾರ.

ಈ ಯುಕ್ತಿ ಕಂಡು ಹಿಡದಾವ ಬರ್ಟ್ ರುಟಾನ್ ಅಂತ, ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮ್ಯಾಗ ಇರತಿದ್ದಾ. ಲಾಂಗ್ ಈಝೀ ಮೊದಲು ಹಾರಿದ್ದು 1979ರಾಗ. ಅಂವಾ ವಿಮಾನಾ ಮಾರಲಿಲ್ಲ, ಮಾಡೂದು ಹೆಂಗ ಅನ್ನೂ ಪುಸ್ತಕಾ ಮಾರಿದಾ. 1985ರಾಗ ಅದನ್ನೂ ನಿಲ್ಲಿಸಿಬಿಟ್ಟಾ. ಇದ ಮನುಷ್ಯಾ ಮುಂದ ವಾಯೇಜರ್ ಅನ್ನೂ ವಿಮಾನಾ ಮಾಡಿದಾ. ಅವನ ಅಣ್ಣಾ ಡಿಕ್ ರುಟಾನ್, ಮತ್ತ ಜೀನಾ ಯೇಗರ್ ಅಂತ ಒಬ್ಬ ಹೆಣ್ಣುಮಗಳು ಕೂಡಿ 1986ರ ಡಿಸೆಂಬರ್ 14ಕ್ಕ ಹೊಂಟು, ಎಲ್ಲೂ ಇಳೀದ, ನಡುವ ಎಣ್ಣಿ ಹಾಕಿಸಿಕೊಳ್ಳದ ಇಡೀ ಭೂಮಿ ಸುತ್ತಿ 23ಕ್ಕ ವಾಪಸ್ ಬಂದ್ರು. ಒಂಬತ್ತು ದಿವಸಾ! ಹೊಂಡೂವಾಗ ಎಣ್ಣಿ ಭಾರಕ್ಕ ರೆಕ್ಕಿ ತುದಿ ನೆಲಕ್ಕ ಉಜ್ಜಿದ್ವಂತ. ಒಂಬತ್ತು ದಿವಸಾ ಆ ಗೂಡಿನಾಗ ಜೀನಾ ಬಾಯಾರ ಹೆಂಗ ಇದ್ರೋ, ನನ್ನ ತಲ್ಯಾಗ ಅದ ಪ್ರಶ್ನೆ. ಮಗಾ ಆ ಭಾಗಾ ಹೇಳಲೇ ಇಲ್ಲ.

ಇನ್ನೊಂದು ಮಾತು, ನಮ್ಮನಿಯವರಿಗೆ ಭಾಳ ಖುಷಿ ಆದದ್ದು. 1980ರ ದಶಕದಾಗ ನಮ್ಮ ಬೆಂಗಳೂರಿನ ಎನ್‌ಎಎಲ್‌ನವರೂ ಈ ಲಾಂಗ್ ಈಝೀ ಮಾದರೀಲೆ ಒಂದು ವಿಮಾನಾ ಮಾಡಿ ಹಾರಿಸಿ, ಕಾಂಪೋಸಿಟ್ ಕೆಲಸಾ ಕಲತ್ರಂತ. ಆಮ್ಯಾಲ ಹನ್ಸ ಅಂತ ಎರಡು ಸೀಟಿನ ಕಲಿಕಿ ವಿಮಾನಾ ಮಾಡಿದ್ರಲ್ಲ, ಅದೂ ಕಾಂಪೋಸಿಟ್. ಅದನ್ನ ಕೇಳಿದ ಮ್ಯಾಲ ಇವರು ಫೋನಿನಾಗ ಮಗನ ಪಾರ್ಟಿ ಆಗಿಬಿಟ್ರು.

ಸೊಸಿ ಮಾತ್ರ ಯಾರ ಪಾರ್ಟೀನೂ ಅಲ್ಲ. ಒಂದು ದಿನಾ ಪಾತ್ರೆ ಒರಸತಾ ನಿಂತಾಗ ಅಕಿ ಸಣ್ಣ ದನೀಲೆ, "ಅತ್ಯಾ, ನೀವು ಒಂದು ಮಾತು ಬ್ಯಾಡ ಅಂದ್ರ ಕೇಳತಾರ. ನಂದು ಕೇಳೂದಿಲ್ಲ" ಅಂದ್ಲು. ಅಕಿ ಕಣ್ಣಾಗ ನೀರಿದ್ವು. ಒಳಗ ಖೋಲ್ಯಾಗ ಮೊಮ್ಮಗಳು ಮಲಗಿದ್ಲು, ನಾಕು ವರ್ಷದ್ದು. ನನ್ನ ಹೊಟ್ಟ್ಯಾಗೂ ಅದ ಇತ್ತು, ಇಲ್ಲಂತ ಹೇಳಂಗಿಲ್ಲ. ಆದ್ರ ಮೂವತ್ತಾರು ವರ್ಷದ ಗಂಡಸಿಗೆ ತಾಯಿ ಬ್ಯಾಡ ಅಂದ್ರ ಎರಡ ಆಗತಾವ. ಬಿಟ್ಟುಬಿಟ್ಟು ಜನ್ಮಾಪೂರ್ತಿ ನಮ್ಮ ಮುಂದ ಮಾರಿ ಸಣ್ಣ ಮಾಡಕೊಂಡಿರತಾನ, ಇಲ್ಲಾ ನಮಗ ಹೇಳದ ತೊಗೋತಾನ. ಹೇಳದ ತೊಗೋಳೂದು ನನಗ ಹೆಚ್ಚು ಅಂಜಿಕಿ. ಅದಕ್ಕ ಅಕಿಗೆ "ಬ್ಯಾಡ ಅನ್ನೂದು ಕಡೀಕೆ ಇರಲಿ, ಮೊದಲು ಎಲ್ಲಾ ಕೇಳಿ ತಿಳಕೊಳ್ಳೋಣು, ಅವನ ಜೋಡಿ ಹೋಗಿ ನೋಡಿ ಬರೋಣು" ಅಂದೆ.

ಕೇಳಲಿಕ್ಕೆ ಸುರು ಮಾಡಿದ ಮ್ಯಾಲ ಸೊಸೀನ ಒಂದು ಕಥಿ ತಂದು ಮುಂದಿಟ್ಟಳು. ಜಾನ್ ಡೆನ್ವರ್ ಅಂತ ಆ ಕಡೆ ಭಾಳ ದೊಡ್ಡ ಹಾಡುಗಾರ. 1997ರ ಅಕ್ಟೋಬರ್ 12ಕ್ಕ ಕ್ಯಾಲಿಫೋರ್ನಿಯಾದ ಸಮುದ್ರದಾಗ ಬಿದ್ದು ತೀರಿಕೊಂಡಾ. ಹಾರಸತಿದ್ದದ್ದು ಇದ ಲಾಂಗ್ ಈಝೀ. ಬ್ಯಾರೆಯವರು ಕಟ್ಟಿದ್ದು, ಅಂವಾ ಆಗಷ್ಟ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದಾ. ಅಂವಾ ಹೊಸಬಲ್ಲ, 2,700 ತಾಸಿಗಿಂತ ಹೆಚ್ಚು ಹಾರಿಸಿದಾವ. ಆದ್ರ ಈ ವಿಮಾನದಾಗ ಹಿಂದಿನ ದಿನಾ ಅರ್ಧಾ ತಾಸಿನ ಆಸುಪಾಸು ಹಾರಿಸಿ ನೋಡಿದ್ದಷ್ಟ.

ಆಗಿದ್ದು ಏನು ಕೇಳ್ರಿ. ಎಡಕ್ಕೊಂದು ಬಲಕ್ಕೊಂದು ಎಣ್ಣಿ ಟಾಕಿ. ಒಂದು ಮುಗೀತಂದ್ರ ನಲ್ಲಿ ತಿರುಗಿಸಿ ಇನ್ನೊಂದಕ್ಕ ಹಾಕಬೇಕು. ರುಟಾನ್‌ನ ಪುಸ್ತಕದಾಗ ಆ ನಲ್ಲಿ ಕೂತಾವನ ಎರಡೂ ಕಾಲಿನ ನಡುವ ಇರಬೇಕಂತ ಅದ. ಈ ವಿಮಾನಾ ಕಟ್ಟಿದಾವ ಅದನ್ನ ಎಡಗಡೆ ಭುಜದ ಹಿಂದ ಹಾಕಿದ್ದಾ. ಎಣ್ಣಿ ಎಷ್ಟದ ಅಂತ ತೋರಸೂ ಗಾಜೂ ಹಿಂದಿನ ಸೀಟಿನ ಕಡೆ. ಹೊಂಡೂವಾಗ ಎಣ್ಣಿ ಹಾಕಲೇನು ಅಂತ ಕೇಳಿದ್ದಕ್ಕ ಬ್ಯಾಡ ಅಂದಿದ್ದಾ. ಮ್ಯಾಲ ಎಣ್ಣಿ ಮುಗದು, ನಲ್ಲಿ ತಿರುಗಿಸಲಿಕ್ಕೆ ಪೂರ್ತಿ ಹಿಂದ ತಿರುಗಬೇಕಾತು, ತಿರುಗುವಾಗ ಬಲಗಾಲು ಪೆಡಲ್ ಒತ್ತಿರಬೇಕು, ವಿಮಾನಾ ಹೊರಳಿ ಬಿತ್ತು ಅಂತ ತನಿಖಿಯವರು ಬರದಾರ.

ಇದನ್ನ ಕೇಳಿದ ದಿನಾ ರಾತ್ರಿ ನಾ ನಿದ್ದಿ ಮಾಡಲಿಲ್ಲ. ನಲ್ಲಿ ಬ್ಯಾರೆ ಕಡೆ ಹಾಕಿದಾವಗ ಏನೋ ಒಂದು ಕಾರಣ ಇದ್ದೀತು, ಅವನ ಕೈಗೆ ಅದು ರೂಢಿನೂ ಆಗಿದ್ದೀತು. ನನ್ನ ಅಡಿಗಿಮನ್ಯಾಗ ಕತ್ತಲ್ಯಾಗೂ ಉಪ್ಪಿನ ಡಬ್ಬಿಗೆ ನನ್ನ ಕೈ ಹೋಗತದ. ಬ್ಯಾರೆ ಯಾರರೆ ಬಂದ್ರ ಸಕ್ಕರಿ ಹಾಕತಾರ. ಸಾರಿಗೆ ಸಕ್ಕರಿ ಬಿದ್ರ ಯಾರೂ ಸಾಯೂದಿಲ್ಲ, ಅಷ್ಟ ಫರಕು.

ಮಗಾ ತಾನೂ ಸುಮ್ಮನ ಕೂಡಲಿಲ್ಲ, ಅದನ್ನ ಹೇಳಬೇಕು. ಅಲ್ಲಿಯ ಅಪಘಾತ ತನಿಖಿ ಮಂಡಳಿ ಎನ್‌ಟಿಎಸ್‌ಬಿ 2012ರಾಗ ಇಂಥಾ ಮನೀ ವಿಮಾನದ ಮ್ಯಾಲ ಒಂದು ಅಧ್ಯಯನಾ ಮಾಡಿ ಹೊರಗ ತಂದದ. ಅದನ್ನ ತಾನ ಹುಡುಕಿ ನಮಗ ಓದಿ ಹೇಳಿದಾ. 2011ರಾಗ ಅಪಘಾತ ಆದ ಮನೀ ವಿಮಾನದಾಗ ಅರ್ಧಕ್ಕಿಂತ ಹೆಚ್ಚು ಕಟ್ಟಿದವರ ಕೈಯಾಗ ಇದ್ದವಲ್ಲ, ಸೆಕೆಂಡ್ ಹ್ಯಾಂಡ್ ತೊಗೊಂಡವರ ಕೈಯಾಗ ಇದ್ದವು. ಹೊಸಾ ಮಾಲಕ ಮೊಟ್ಟಮೊದಲ ಸಲಾ ಹಾರಿಸಿದ ದಿನಾನ ಬಿದ್ದವೂ ಅದರಾಗ ಅವ. ಓದಿ ಮುಗಿಸಿ ಒಂದು ಗಳಿಗಿ ಸುಮ್ಮನ ಕೂತಾ. ಸೊಸೀನೂ ಏನೂ ಅನ್ನಲಿಲ್ಲ.

ಜೂನ್ ತಿಂಗಳಾಗ ಒಂದು ಶನಿವಾರ ನಾವೆಲ್ಲಾ ನೋಡಲಿಕ್ಕೆ ಹೋದ್ವಿ. ಸ್ಯಾನ್ ಹೋಸೆಯಿಂದ ಗುಡ್ಡಾ ದಾಟಿ ಕಣಿವಿಗೆ ಇಳದ್ರ ನಮ್ಮ ರಾಯಚೂರ ಬಿಸಲು. ಬದಾಮಿ ತೋಟಾ ಎರಡೂ ಕಡೆ. ನಾ ಬುತ್ತಿ ಕಟಗೊಂಡಿದ್ದೆ, ಚಪಾತಿ, ಶೇಂಗಾ ಚಟ್ನಿ, ಮೊಸರನ್ನ. ಮಾರೂ ಅಜ್ಜಾಗ ಎಂಬತ್ತರ ಮ್ಯಾಲ ವಯಸ್ಸು, ಕಣ್ಣು ಮಂಜಾಗೇದ ಅಂತ ಡಾಕ್ಟರ್ ಹಾರಸೂದು ನಿಲ್ಲಸ್ಯಾರ. ಆರು ವರ್ಷ ಕೂತು ಕಟ್ಟಿದ ವಿಮಾನ. ತಗಡಿನ ಶೆಡ್ಡಿನಾಗ ಮೂಗು ನೆಲಕ್ಕಿಟ್ಟು ನಿಂತಿತ್ತು, ಬೆಳ್ಳಗ. ಎಲ್ಲಾ ಬೆಳ್ಳಗ ಯಾಕಂದ್ರ ಕಪ್ಪು ಬಣ್ಣಾ ಹಚ್ಚಿದ್ರ ಬಿಸಲಿಗೆ ಕಾದು ಒಳಗಿನ ಅಂಟು, ಫೋಮ್ ಮೆತ್ತಗಾಗತಾವಂತ.

ಗಂಡಸರು ಅದರ ಸುತ್ತ ತಿರುಗಾಡಲಿಕ್ಕೆ ಹತ್ತಿದ ಮ್ಯಾಲ ಅಜ್ಜಿ ನಮಗ ಲಿಂಬು ಶರಬತ್ ತಂದು ಕೊಟ್ಟು ನೆರಳಾಗ ಕೂಡಿಸಿಕೊಂಡ್ರು. ನನ್ನ ಪಿಯುಸಿ ಇಂಗ್ಲೀಷು, ಅವರ ಅಮೇರಿಕಾ ಇಂಗ್ಲೀಷು, ನಡುವ ಸೊಸಿ. ವಿಮಾನದ ಬಗ್ಗೆ ನನಗ ತಿಳದದ್ದು ಹೆಚ್ಚಿನದು ಅವರಿಂದ. ಅಂಟು ಕಲಸೂ ಕೆಲಸಾ ಅಷ್ಟೂ ಅವರದಂತ. ತಕ್ಕಡ್ಯಾಗ ತೂಗಿ ತೂಗಿ ಕಲಸಬೇಕು, ಅಂದಾಜು ನಡಿಯಂಗಿಲ್ಲ. ಹೆಚ್ಚು ಕಮ್ಮಿ ಆತಂದ್ರ ಒಣಗೂದ ಇಲ್ಲ, ಇಲ್ಲಾ ಗಾಜಿನಂಗ ಪೆಳಸಾಗತದ. ಕಲಸಿದ ಮ್ಯಾಲ ಸ್ವಲ್ಪ ಹೊತ್ತಿನಾಗ ಹಚ್ಚಿ ಮುಗಿಸಬೇಕು, ಬಾಗಲಾ ಬಡದ್ರೂ ಏಳಂಗಿಲ್ಲ, ಫೋನ್ ಬಂದ್ರೂ ಏಳಂಗಿಲ್ಲ. ಥಂಡಿ ದಿನಾ ಗ್ಯಾರೇಜಿನಾಗ ಅಂಟು ಹಿಡಿಯೂದಿಲ್ಲಂತ ರೆಕ್ಕೀನ ನಡುಮನಿಗೆ ತಂದು ಒಣಗಿಸಿದ್ರಂತ, ಎರಡು ವಾರ ಸೋಫಾ ಹೊರಗ. ಮೂರನೇ ವರ್ಷಕ್ಕ ಅವರ ಕೈಗೆ ಗುಳ್ಳಿ ಎದ್ದು ಆ ಅಂಟು ಮುಟ್ಟಂಗಿಲ್ಲ ಅಂತಾತು. "ಆಮ್ಯಾಲ?" ಅಂದೆ. "ಆಮ್ಯಾಲ ತಕ್ಕಡಿ ನೋಡಿ ಲೆಕ್ಕಾ ಅಷ್ಟ ಓದತಿದ್ದೆ, ಅವರು ಕಲಸತಿದ್ರು" ಅಂದ್ರು. ಅವರ ಹೆಸರು ಆ ವಿಮಾನದ ಮ್ಯಾಲ ಎಲ್ಲೂ ಇರಲಿಲ್ಲ. ನಾ ನೋಡಿದೆ.

ಮಗಾ ತನ್ನ ಕಡಿಯಿಂದ ಒಬ್ಬ ಮೆಕ್ಯಾನಿಕ್‌ನ್ನ ರೊಕ್ಕಾ ಕೊಟ್ಟು ಕರಸಿದ್ದಾ. ಇದು ಭಾಳ ಶಾಣ್ಯಾತನದ ಕೆಲಸಾ ಅಂತ ನನಗ ಅನಸ್ತು. ಇಂಥಾ ಹಿಂದ ಪಂಖಾ ಇರೂ ವಿಮಾನನ ಬಲ್ಲವನಾಗಿರಬೇಕು, ಮಾರವರ ದೋಸ್ತ ಆಗಿರಬಾರದು. ಅಂವಾ ಮೊದಲು ವಿಮಾನಾ ಮುಟ್ಟಲೇ ಇಲ್ಲ, ಕಾಗದಾ ಕೇಳಿದಾ. ಯಾವ ವರ್ಷ ಏನು ರಿಪೇರಿ, ಕಡೀಕೆ ತೂಕಾ ಮಾಡಿದ್ದು ಯಾವಾಗ, ರುಟಾನ್‌ನ ಕಂಪನಿಯವರು "ಕೆನಾರ್ಡ್ ಪುಷರ್" ಅನ್ನೂ ಪತ್ರಿಕಿದಾಗ ಕಡ್ಡಾಯ ಅಂತ ಹೇಳಿದ ಬದಲಾವಣಿ ಎಲ್ಲಾ ಮಾಡ್ಯಾರೋ ಇಲ್ಲೋ. ಎಣ್ಣಿ ನಲ್ಲಿ ನೋಡಿದಾ, ಕಾಲಿನ ನಡುವನ ಇತ್ತು. ಸೊಸಿ ದೊಡ್ಡ ಉಸಿರು ಬಿಟ್ಲು. ತೂಕಾ ಮಾತ್ರ 1991ರಿಂದ ಮಾಡಿಲ್ಲ. ಅದರ ಮ್ಯಾಲ ಸ್ಟಾರ್ಟರ್, ಹೊಸಾ ರೇಡಿಯೋ, ಏನೇನೋ ಸೇರ್ಯಾವ. ಸ್ಟಾರ್ಟರ್ ಹಿಂದ, ಇಂಜಿನ್ ಹತ್ರ. ಹಿಂದ ಭಾರ ಆದಷ್ಟೂ ಈ ವಿಮಾನಕ್ಕ ಕೆಟ್ಟದ್ದು. ಅಜ್ಜಾ ಇದ್ದಾರ ದಪ್ಪಗ, ಮುಂದ ಕೂತ್ರ ಸರಿ ಆಗತಿತ್ತು. ನನ್ನ ಮಗಾ ಇದ್ದಾನ ಕಡ್ಡಿ.

ಆಮ್ಯಾಲ ಅಂವಾ ಕಿಸೆದಾಗಿಂದ ಒಂದು ನಾಣ್ಯಾ ತಗದಾ. ರೆಕ್ಕಿ ಮ್ಯಾಲ ಗೇಣಿಗೊಮ್ಮೆ ಟಣ್ ಟಣ್ ಅಂತ ಬಡಕೋತ ಹೊಂಟಾ. ಅದನ್ನ ನೋಡಿ ನಾ ಕುರ್ಚಿ ಬಿಟ್ಟು ಎದ್ದು ಹೋದೆ. ಯಾಕಂದ್ರ ಇದು ನಮ್ಮ ವಿದ್ಯಾ! ಬ್ಯಾಸಗಿದಾಗ ಕುಂಬಾರರ ಕಡೆ ಗಡಿಗಿ ತೊಗೋವಾಗ ಬಟ್ಟೀಲೆ ಬಡದು ನೋಡೂದಿಲ್ಲೇನು? ಬಿರುಕು ಇದ್ರ ದನಿ ಒಡದಿರತದ, ಕಣ್ಣಿಗೆ ಏನೂ ಕಾಣದಿದ್ರೂ. ಕಾಂಪೋಸಿಟ್ ರೆಕ್ಕ್ಯಾಗೂ ಒಳಗ ಬಟ್ಟಿ ಫೋಮ್ ಬಿಟ್ಟು ಎದ್ದಿದ್ರ ಹೊರಗ ಬಣ್ಣಾ ಥಳಥಳ ಅಂತಿರತದ, ನಾಣ್ಯಾ ಬಡದ್ರ ಮಾತ್ರ "ಥಪ್" ಅಂತದ. ಅಂವಾ ಎಡಗಡೆ ಟಾಕಿ ಕೆಳಗ ಬಂದಾಗ ದನಿ ಬದಲಾತು. ಅವನಕ್ಕಿಂತ ಮೊದಲು ನಾನ ಸೊಸಿ ಕೈ ಹಿಡದೆ. ಅಂಗೈಯಷ್ಟು ಜಾಗಾ. ಅಜ್ಜಾ ಬಂದು ನೋಡಿ, ಹೌದು, ಎಣ್ಣಿ ಸೋರತಿತ್ತು, ಹಿಂದ ಒಮ್ಮೆ ತ್ಯಾಪಿ ಹಚ್ಚೀನಿ ಅಂದ್ರು. ಪುಸ್ತಕದಾಗ ಅದಕ್ಕ ಒಂದ ಸಾಲು ಇತ್ತು, ಏನು ಮಾಡಿದ್ರು ಎಷ್ಟು ಪದರಾ ಹಾಕಿದ್ರು ಏನೂ ಇಲ್ಲ. ಮುದುಕಾ ಮುಚ್ಚಿಡಲಿಲ್ಲ, ಕೇಳಿದ ಕೂಡಲೆ ಹೇಳಿದ್ರು, ಅವರ ಮ್ಯಾಲ ನನಗ ಸಿಟ್ಟಿಲ್ಲ.

ಮೆಕ್ಯಾನಿಕ್ ಹೇಳಿದ್ದು, ಇದು ದೊಡ್ಡದಲ್ಲ, ಆ ಜಾಗಾ ಉಜ್ಜಿ ತಗದು ಪದರಾ ಪದರಾ ಮತ್ತ ಕೂಡಿಸಬಹುದು. ತೂಕಾನೂ ಹೊಸದಾಗಿ ಮಾಡಿ, ಮೂಗಿನಾಗ ಸೀಸಾ ಇಟ್ಟು ಸರಿ ಮಾಡಬಹುದು. ಆದ್ರ ವರ್ಷಕ್ಕೊಮ್ಮೆ ತಪಾಸಣಿ ಮಾಡಿ ಸಹಿ ಹಾಕೂ ಹಕ್ಕು ಕಟ್ಟಿದವರಿಗೆ ಕೊಟ್ಟಿರತಾರ, ಅದು ತೊಗೊಂಡವರಿಗೆ ಬರೂದಿಲ್ಲ, ನೀ ಪ್ರತೀ ವರ್ಷ ಲೈಸನ್ಸ್ ಇದ್ದ ಮೆಕ್ಯಾನಿಕ್‌ಗೆ ರೊಕ್ಕಾ ಎಣಿಸಬೇಕು. ಇದು ನನಗ ಬರೋಬ್ಬರಿ ಅನಸ್ತು. ಉಪ್ಪಿನಕಾಯಿ ಭರಣಿ ಕೊಡಬಹುದು, ಕೈಗುಣಾ ಹೆಂಗ ಕೊಡತೀರಿ?

ಆಮ್ಯಾಲ ಅಂವಾ ನನ್ನ ಮಗನ್ನ ಕೇಳಿದಾ, "ನೀ ಇಂಥಾದ್ದರಾಗ ಎಷ್ಟು ತಾಸು ಕೂತೀ?"

"ಇಲ್ಲ. ಕೂತೇ ಇಲ್ಲ."

ಅಂವಾ ಹೇಳಿದ್ದು ನನಗ ಪೂರ್ತಿ ತಿಳೀಲಿಲ್ಲ, ಸೊಸಿ ಕಾರಿನಾಗ ಬಿಡಿಸಿ ಹೇಳಿದ್ಲು. ಸೆಸ್ನಾ ನಿಧಾನ ಇಳೀತದ, ರೆಕ್ಕಿ ಹಿಂದಿನ ಪಟ್ಟಿ ಇಳಿಸಿದ್ರ ಇನ್ನೂ ನಿಧಾನ. ಲಾಂಗ್ ಈಝೀಕ್ಕ ಆ ಪಟ್ಟೀನ ಇಲ್ಲ. ಜೋರು ಬರತದ, ನೆಲದ ಮ್ಯಾಲ ತೇಲಕೋತ ಹೋಗತದ, ಉದ್ದ ರನ್‌ವೇ ಬೇಕು. ಹುಲ್ಲಿನ ಮ್ಯಾಲ, ಖಡಿ ಮ್ಯಾಲ ಇಳಸೂ ಹಂಗಿಲ್ಲ, ಮುಂದಿನ ಗಾಲಿ ಎತ್ತಿ ಒಗದ ಕಲ್ಲು ಹಿಂದಿನ ಪಂಖಾಕ್ಕ ಬಡೀತದ. ಕೈಯಾಗಿನ ಸ್ಟಿಕ್ ಬೆರಳ ತುದೀಲೆ ಹಿಡಿಯೂವಷ್ಟು ನಾಜೂಕು. ಕಲಸೂ ಮಾಸ್ತರ ಹಿಂದ ಕೂತ್ರ ಅಲ್ಲಿ ಸ್ಟಿಕ್ ಇರತದ, ಕಾಲಿಗೆ ಪೆಡಲ್ ಹೆಚ್ಚಾಗಿ ಇರೂದಿಲ್ಲ. ಅಂದ್ರ ಹುಡಗಾ ತಪ್ಪಿದ್ರ ಮಾಸ್ತರ ಕೈ ಮುಟ್ಟತದ, ಕಾಲು ಮುಟ್ಟೂದಿಲ್ಲ. ಚೊಲೋ ಗುಣಾನೂ ಅವ. ಮುಂದಿನ ಸಣ್ಣ ರೆಕ್ಕಿ ಮೊದಲು ಸೋತು ಮೂಗು ತಾನ ಇಳೀತದ, ಅದಕ್ಕ ವೇಗ ಕಮ್ಮಿ ಆಗಿ ದಪ್ಪಂತ ಬೀಳೂದು ಕಮ್ಮಿ. ಬಲ್ಲವರ ಕೈಯಾಗ ಬಂಗಾರದಂಥಾ ವಿಮಾನ ಅಂತನೂ ಅಂದನಂತ.

ವಾಪಸ್ ಬರೂವಾಗ ದಾರ್‍ಯಾಗ ಒಂದು ಗಿಡದ ಕೆಳಗ ಬುತ್ತಿ ಬಿಚ್ಚಿದ್ವಿ. ಮಗಾ ಚಪಾತಿ ಕೈಯಾಗ ಹಿಡಕೊಂಡು, "ಅವ್ವಾ, ನೀ ಏನೂ ಅನ್ನಲಿಲ್ಲಲ್ಲ" ಅಂದಾ. ನಾ ಅಂದೆ, "ನನಗ ಒಂದ ತಿಳೀಬೇಕು. ಆ ಅಜ್ಜಾ ಮೊದಲನೇ ಸಲಾ ಇದನ್ನ ಹಾರಿಸಿದಾಗ ಅವರ ಪುಸ್ತಕದಾಗ ಎಷ್ಟು ತಾಸಿತ್ತು? ತಾವ ಕಟ್ಟಿದ್ದು, ಒಂದೊಂದು ಸ್ಕ್ರೂ ಅವರಿಗೆ ಗೊತ್ತು. ಅಂಥವರು ಎಷ್ಟು ತಾಸಿನ ಮ್ಯಾಲ ಧೈರ್ಯಾ ಮಾಡಿದ್ರು?"

ಅವಂಗ ಗೊತ್ತಿರಲಿಲ್ಲ. ಮರುದಿನಾ ಫೋನ್ ಮಾಡಿ ಕೇಳಿದಾ. ಹತ್ತಹತ್ತಿರ 400 ಅಂದ್ರಂತ. ಅದೂ ಬ್ಯಾರೆಯವರ ಲಾಂಗ್ ಈಝೀದಾಗ ಹಿಂದ ಮುಂದ ಎರಡೂ ಕಡೆ ಕೂತು ಕಲತ ಮ್ಯಾಲ. ಫೋನ್ ಇಟ್ಟು ಹೊರಗ ಹೋಗಿ ಗಿಡಕ್ಕ ನೀರು ಹಾಕಿಕೋತ ನಿಂತಾ, ಒಂದ ಗಿಡಕ್ಕ ಅರ್ಧಾ ತಾಸು.

ಆ ವಿಮಾನಾ ತೊಗೊಳಲಿಲ್ಲ. ಮೌಶಿ, ನಿಮ್ಮ ಪ್ರಶ್ನೆಗೆ ಇದ ಉತ್ತರ. ಅಗಸ್ಟ್‌ದಾಗ ಅದನ್ನ ಬ್ಯಾರೆ ರಾಜ್ಯದ ಒಬ್ಬ ಹಳೇ ಪೈಲಟ್ ಒಯ್ದಾ ಅಂತ ಅಜ್ಜಿ ಸೊಸಿಗೆ ಮೆಸೇಜ್ ಮಾಡಿದ್ರು. ಆವತ್ತು ಮಗಾ ಊಟಾ ಸರಿ ಮಾಡಲಿಲ್ಲ. ನಾನೂ ಏನೂ ಅನ್ನಲಿಲ್ಲ, ಮನಸಿನಾಗಿಂದು ಹೋಗಬೇಕಾದ್ರ ಎರಡು ದಿನಾ ಬೇಕು.

ಆಸೆ ಮಾತ್ರ ಹೋಗಿಲ್ಲ, ಸುಳ್ಳು ಯಾಕ ಹೇಳಲಿ. ಮನೀ ವಿಮಾನದವರದು ಅಲ್ಲೊಂದು ದೊಡ್ಡ ಸಂಘ ಅದ, ಇಎಎ ಅಂತ, 1953ರಾಗ ಸುರು ಆದದ್ದು. ವಿಸ್ಕಾನ್ಸಿನ್‌ದ ಆಷ್‌ಕೋಷ್ ಊರಾಗ ವರ್ಷಾ ಅವರ ಜಾತ್ರಿ ಆಗತದ. ಊರೂರಿಗೆ ಅವರ ಶಾಖಾ ಇದ್ದು, ಹೊಸಾ ವಿಮಾನಾ ಹಾರಸೂ ಮೊದಲು ಕೂತು ಬುದ್ಧಿ ಹೇಳೂ ಹಿರ್‍ಯಾರು ಇರತಾರ, ರೊಕ್ಕಾ ತೊಗೊಳೂದಿಲ್ಲ. ಅಂಥವರೊಬ್ಬರು ಇವಂಗ ಸಿಕ್ಕಾರ. ಅವರದ ಲಾಂಗ್ ಈಝೀದಾಗ ಹಿಂದ ಕೂಡಿಸಿಕೊಂಡು ಹೋಗತಾರ. ನಾ ಹೊಂಡೂ ಹೊತ್ತಿಗೆ ಪುಸ್ತಕದಾಗ 131 ತಾಸು ಆಗಿತ್ತು, ಅದರಾಗ ಲಾಂಗ್ ಈಝೀದು ಒಂಬತ್ತು. ಇನ್ಶೂರನ್ಸ್‌ನವರೂ ಇಂಥಾ ವಿಮಾನದಾಗ ಮಾಸ್ತರ ಜೋಡಿ ಇಷ್ಟು ತಾಸು ಆಗಿರಬೇಕು ಅಂತ ಷರತ್ತು ಹಾಕ್ಯಾರ. ಸೊಸಿ ತಂದು ಬ್ಯಾರೆ ಹಾಕ್ಯಾಳ. ಇನ್ನೊಬ್ಬರ ಜೋಡಿ ಪಾಲಿನಾಗ ತೊಗೋಬೇಕು. ತೊಗೊಂಡ ಮ್ಯಾಲ 50 ತಾಸು ಒಬ್ಬನ ಹಾರಿಸಬೇಕು. ಮಗಳನ್ನ ಕೂಡಿಸೂ ಮಾತು ಅಕಿ ಕಾಲೇಜಿಗೆ ಹೋದ ಮ್ಯಾಲ. ಕಾಗದದ ಮ್ಯಾಲ ಬರದು ಫ್ರಿಜ್ಜಿಗೆ ಅಂಟಿಸ್ಯಾಳ, ಕೆಳಗ ಇವನ ಸಹಿ ಅದ. ನಾನೂ ಸಾಕ್ಷಿ ಸಹಿ ಹಾಕಿ ಬಂದೀನಿ, ಕನ್ನಡದಾಗ.

ಮುಂದಿನ ತಿಂಗಳು ಇನ್ನೊಂದು ವಿಮಾನಾ ನೋಡಲಿಕ್ಕೆ ಹೊಂಟಾರಂತ. ಮೆಕ್ಯಾನಿಕ್ ಅಂವನ. ನಾ ಇಲ್ಲಿರೂದ್ರಿಂದ ದನಿ ಕೇಳಲಿಕ್ಕೆ ಸೊಸಿ ಹೋಗತಾಳ. ಮೊನ್ನೆ ಫೋನಿನಾಗ "ಅತ್ಯಾ, ಮನ್ಯಾಗಿನ ಎಲ್ಲಾ ಗೋಡಿ, ಬಾಗಲಾ ಬಡದು ಬಡದು ರೂಢಿ ಮಾಡಕೊಳ್ಳಿಕ್ಹತ್ತೀನಿ, ಇವರಿಗೆ ತಲಿ ಕೆಡತದಂತ" ಅಂದ್ಲು. ಮತ್ತ ಕಾಶಿಗೆ ಹೋಗವರು ರೈಲ್ವೆ ಟಿಕೆಟ್ ಈಗ ಮಾಡಿಸಿಕೊಳ್ರಿ, ಯುಗಾದಿ ಹೊತ್ತಿಗೆ ಸಿಗೂದಿಲ್ಲ.